ಕಲಾಸಿಗಳಿಗೆ ರಜೆ ಕೊಟ್ಟವರು

"ಇಲ್ಲಿ ಮೇಡಂ. ಈ ಸಾಲು ನೋಡಿ."

ನವ್ಯಶ್ರೀ ಪರದೆಯ ಮೇಲೆ ಪೆನ್ಸಿಲಿನ ತುದಿ ಇಟ್ಟಳು. ಡೈನಾ ಮಥಾಯಸ್ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಬಾಗಿದಳು. ಅದು ಹೋದ ಬುಧವಾರದ ದಿನಚರಿ, ಸರ್ವರು ತಾನಾಗಿ ಬರೆದಿಟ್ಟುಕೊಂಡದ್ದು. ಸಂಜೆ ನಾಲ್ಕು ಗಂಟೆ, ಆರು ನಿಮಿಷ, ಐವತ್ತೊಂದು ಸೆಕೆಂಡು. ಅದರೆದುರು ಮೂರೇ ಪದ: 'ಕಲಾಸಿ ಪೂಲ್ ಕ್ಲೋಸ್ಡ್.'

"ಇದರ ನಂತರ ಎಂತ ಉಂಟು?"

"ನಾಲ್ಕೂ ಏಳಕ್ಕೆ ಲಕ್ಷಿತ್‌ನ ಕರೆ. ಕಾಪು ಮೀನು ಮಾರ್ಕೆಟಿನಿಂದ. ಅಮ್ಮ ಬಿದ್ದಿದ್ದಾರೆ, ಆಂಬುಲೆನ್ಸ್ ಬೇಕು ಅಂತ."

"ಮತ್ತೆ?"

"ಮತ್ತೆ ಏನೂ ಇಲ್ಲ ಮೇಡಂ. ನಾಲ್ಕೂ ಹದಿನೆಂಟರವರೆಗೆ ಏನಂದ್ರೆ ಏನೂ ಇಲ್ಲ."

ಹನ್ನೊಂದು ನಿಮಿಷ. ಲಕ್ಷಿತ್‌ನ ತಾಯಿ, ಮೀನು ಮಾರುವ ಅಪ್ಪಿಯ ಜೀವ ಹೋದದ್ದು ಆ ಹನ್ನೊಂದು ನಿಮಿಷದಲ್ಲಿ. ಆಂಬುಲೆನ್ಸ್ ಚಾಲಕ ಭುಜಂಗ ಊರವರ ಬಾಯಲ್ಲಿ ಕೊಲೆಗಾರನಾದದ್ದೂ ಅದೇ ಹನ್ನೊಂದು ನಿಮಿಷಕ್ಕೆ.

ಉಡುಪಿ, ಕಾಪು, ಕಾರ್ಕಳದ ಆಂಬುಲೆನ್ಸ್‌ಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದ ಆ್ಯಪ್ ಅದು, ಹೆಸರು 'ಜೀವದೋಣಿ'. ಮೊಬೈಲಿನಲ್ಲಿ ಕೆಂಪು ಗುಂಡಿ ಒತ್ತಿದರೆ ಹತ್ತಿರದ ಚಾಲಕನ ಫೋನು ಬಡಿಯಬೇಕು. ಅಂದು ಲಕ್ಷಿತ್ ಒತ್ತಿದ್ದ. ಅವನ ಪರದೆಯಲ್ಲಿ ಚಂದವಾಗಿ ಮೂಡಿತ್ತು: 'ಗಾಡಿ ಗೊತ್ತುಪಡಿಸಲಾಗಿದೆ. ಚಾಲಕ ಭುಜಂಗ. ನಾಲ್ಕು ನಿಮಿಷ.' ಆ ನಾಲ್ಕು ನಿಮಿಷವನ್ನು ನಂಬಿಯೇ ಹುಡುಗ ಕಾದ. ಎದುರಿಗೆ ಬಂದ ಮೀನಿನ ಟೆಂಪೋವನ್ನು ಬೇಡವೆಂದು ಕಳಿಸಿದ. ಕೊನೆಗೆ ಎರಡನೇ ಟೆಂಪೋಕ್ಕೆ ತಾಯಿಯನ್ನು ಎತ್ತಿ ಹಾಕಿಕೊಂಡು ಉಡುಪಿಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ ಸಿಟ್ಟಿಗೆದ್ದು ಹೆದ್ದಾರಿಯ ಸರ್ವಿಸ್ ರಸ್ತೆಗೆ ಬಂದರೆ, ಭುಜಂಗ ಗಾಡಿಗೆ ಒರಗಿಕೊಂಡು ಗೋಳಿಬಜೆ ತಿನ್ನುತ್ತಿದ್ದ. ಅವನಿಗೆ ಬಿದ್ದ ಏಟಿನಲ್ಲಿ ಎರಡು ಹಲ್ಲು ಹೋದವು. ಆ ಗೋಳಿಬಜೆಯ ಫೋಟೋ ಮಾತ್ರ ಇವತ್ತಿಗೂ ವಾಟ್ಸ್ಯಾಪಿನಲ್ಲಿ ಸುತ್ತುತ್ತಿದೆ.

"ಫೋನು ಬಡೀಲೇ ಇಲ್ಲ ಬಾಯಿ," ಎಂದಿದ್ದ ಭುಜಂಗ, ಊರವರು ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಡೈನಾಳಿಗೂ 'ಬಾಯಿ' ಎನ್ನುತ್ತ, ಊದಿದ ತುಟಿಯನ್ನು ಟವೆಲಿನಿಂದ ಒತ್ತಿಕೊಂಡು. "ಅಪ್ಪಿಯಕ್ಕನ ಕೈಯಿಂದ ಮೀನು ತಗೊಂಡು ತಿಂದವ ನಾನು. ಕರೆ ಬಂದಿದ್ರೆ ಹೋಗ್ತಿರಲಿಲ್ವಾ?"

ಅದಕ್ಕೆ ಮೊದಲೇ ಅವನ ವಕೀಲರು ಡೈನಾಳನ್ನು ಹಿಡಿದಿದ್ದರು. ಹದಿನೇಳು ವರ್ಷ ಪ್ರೋಗ್ರಾಮು ಬರೆದು ಬರೆದು ಬೆನ್ನು ಸೋತ ಮೇಲೆ, ಯಂತ್ರಗಳು ಹೇಳುವ ಸುಳ್ಳನ್ನು ಓದಿ ಕೋರ್ಟಿಗೆ ತಿಳಿಸುವುದೇ ಅವಳ ಕಸುಬಾಗಿತ್ತು. ಈಗ ಅವಳು ಕೂತದ್ದು ಜೀವದೋಣಿಯ ಕಚೇರಿಯಲ್ಲಿ, ಅಲ್ಲಿ ಕೋಡು ಬರೆಯುವ ನವ್ಯಶ್ರೀಯ ಮೇಜಿನೆದುರು. ಇವತ್ತು ಐದು ಗಂಟೆಗೆ ಕಂಪೆನಿ ಕಾಪು ಠಾಣೆಗೆ ವರದಿ ಕೊಡಬೇಕು. 'ಚಾಲಕ ಕರೆ ತೆಗೆದುಕೊಳ್ಳಲಿಲ್ಲ' ಎಂದು ಅದರಲ್ಲಿದ್ದರೆ ಭುಜಂಗ ಇವತ್ತೇ ಒಳಗೆ.

ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು.

"ನನಗೆ ಗೊತ್ತಾಗ್ತದೆ ನವ್ಯಾ," ಎಂದಳು ಡೈನಾ. "ಆದ್ರೆ ಕಾಪು ಠಾಣೆಯ ಎಸ್‌ಐಗೆ ಗೊತ್ತಾಗ್ಬೇಕಲ್ಲ. ಅವರಿಗೆ ಹೇಳುವ ಹಾಗೆ ಹೇಳು."

ನವ್ಯಶ್ರೀ ಕುರ್ಚಿಯನ್ನು ಡೈನಾಳ ಕಡೆ ತಿರುಗಿಸಿದಳು.

"ಒಂದು ದೋಣಿ ಉಂಟು ಅಂತ ಇಟ್ಕೊಳ್ಳಿ. ಅದರಲ್ಲಿ ಎಂಟು ಜನ ಕಲಾಸಿಗಳು. ಯಾವಾಗಲೂ ಕೆಲಸಕ್ಕೆ ತಯಾರು. ಬಲೆ ಎಳಿ ಅಂದ್ರೆ ಎಳೀತಾರೆ, ಮಂಜುಗಡ್ಡೆ ಹೊರು ಅಂದ್ರೆ ಹೊರ್ತಾರೆ. ನಮ್ಮ ಸಿಸ್ಟಮಿನಲ್ಲಿ ಅದಕ್ಕೆ ಥ್ರೆಡ್ ಪೂಲ್ ಅಂತ ಹೆಸರು. ಇದನ್ನು ಮೊದಲು ಕಟ್ಟಿದ್ದು ಕೆಮ್ಮಣ್ಣಿನ ರೂಪೇಶಣ್ಣ. ಮೀನುಗಾರರ ಮನೆಯವರಲ್ವಾ, ಅದಕ್ಕೇ ಕಲಾಸಿ ಅಂತ ಹೆಸರಿಟ್ಟದ್ದು. ಚಾಲಕನಿಗೆ ಕರೆ ಕಳಿಸುವುದು, ಮನೆಯವರಿಗೆ ಮೆಸೇಜು ಹಾಕುವುದು, ಆಸ್ಪತ್ರೆಗಳಿಗೆ ವಾರದ ರಿಪೋರ್ಟು ಮಾಡುವುದು, ಎಲ್ಲ ಕೆಲಸಕ್ಕೂ ಇದೇ ಎಂಟು ಜನ."

"ಕೆಲಸ ಯಾರು ಬೇಕಾದ್ರೂ ಹೇಳಬಹುದು."

"ಹೌದು, ಯಾರು ಬೇಕಾದ್ರೂ ಹೇಳಬಹುದು. ಆದ್ರೆ ನೀವೆಲ್ಲ ಮನೆಗೆ ಹೋಗಿ, ದೋಣಿ ಕಟ್ಟಿ ಹಾಕಿ ಅಂತ ಹೇಳುವ ಹಕ್ಕು ಇರುವುದು ತಂಡೇಲನಿಗೆ ಮಾತ್ರ. ದೋಣಿಯ ಯಜಮಾನನಿಗೆ."

"ಅಂದು ಹೇಳಿದ್ದು ತಂಡೇಲ ಅಲ್ಲ."

"ಅಲ್ಲ ಮೇಡಂ. ಎರವಲು ತಗೊಂಡವರು ಯಾರೋ ತಮ್ಮ ಕೆಲಸ ಮುಗಿಸಿ, ಎಲ್ಲ ಕಲಾಸಿಗಳಿಗೂ ರಜೆ ಕೊಟ್ಟು ಹೋಗಿದ್ದಾರೆ. ಲಕ್ಷಿತ್‌ನ ಕರೆ ಬಂದಾಗ ದೋಣಿಯಲ್ಲಿ ಒಬ್ಬರೂ ಇರಲಿಲ್ಲ. ಹನ್ನೊಂದು ನಿಮಿಷ ಆದ್ಮೇಲೆ ಕಾವಲಿನ ಪ್ರೋಗ್ರಾಮು ನೋಡಿ ಸರ್ವರನ್ನು ಹೊಸದಾಗಿ ಎಬ್ಬಿಸ್ತು."

"ಹಾಗಾದ್ರೆ ಹುಡುಗನ ಪರದೆಯಲ್ಲಿ ಗಾಡಿ ಗೊತ್ತುಪಡಿಸಿದೆ ಅಂತ ಯಾಕೆ ಬಂತು?"

ನವ್ಯಶ್ರೀ ಪೆನ್ಸಿಲನ್ನು ಕೆಳಗಿಟ್ಟಳು.

"ಅದನ್ನು ಸಿಸ್ಟಮು ಕಲಾಸಿಗೆ ಹೇಳುವ ಮೊದಲೇ ಬರೆದಿಡ್ತದೆ. ಕೆಲಸ ಆಗ್ಲಿಲ್ಲ ಅಂತ ತಿರುಗಿ ಬಂದ್ರೆ ಅಳಿಸ್ಬೇಕಿತ್ತು. ತಿರುಗಿ ಬಂದದ್ದನ್ನು ಕೋಡು ಹಾಗೇ ನುಂಗಿಬಿಟ್ಟಿದೆ."

"ಆ ಕೋಡು ಬರೆದದ್ದು ಯಾರು?"

"ನಾನು."

ಡೈನಾ ಅವಳ ಮುಖ ನೋಡಿದಳು. ಆ ಒಂದು ಪದವನ್ನು ಒಪ್ಪಿಕೊಳ್ಳುವುದಕ್ಕೆ ಈ ಹುಡುಗಿ ಎಷ್ಟು ದಿನ ಒದ್ದಾಡಿದ್ದಾಳೆಂಬುದು ಅವಳ ಕಣ್ಣಿನ ಕೆಳಗಿನ ಕಪ್ಪಿನಲ್ಲೇ ಇತ್ತು.

ಆದರೆ ನುಂಗಿದ್ದು ಬೇರೆ, ರಜೆ ಕೊಟ್ಟದ್ದು ಬೇರೆ. ರಜೆ ಕೊಟ್ಟ ಕೈ ಯಾರದೆಂದು ದಿನಚರಿ ಹೇಳುವುದಿಲ್ಲ. ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬ ಇತಿಹಾಸ ಇರುತ್ತದಲ್ಲ, ಅದರಲ್ಲಿ ಆ ವಾರದ ಪುಟವೇ ಮಾಯವಾಗಿತ್ತು. ಹಳೆಯ ಪ್ರತಿ ತರಿಸಲು ಎರಡು ದಿನ ಬೇಕಂತೆ. ಇರುವುದು ಎಂಬತ್ತು ನಿಮಿಷ.

"ಇದು ಎಂತದು?"

ನವ್ಯಶ್ರೀಯ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. 'ಕಲಾಸಿ ಪೂಲ್ ನಮ್ಮದು. ಎಲ್ಲರೂ ಇದನ್ನೇ ಬಳಸಿ. ಬೇರೆ ಪೂಲ್ ಮಾಡಬೇಡಿ.'

"ಮೂರು ವಾರದ ಹಿಂದೆ ನಮ್ಮ ಬಾಸ್ ಅಲೆಕ್ಸಾಂಡರ್ ಸರ್ ಹೇಳಿದ್ದು. ಪ್ರತಿಯೊಬ್ಬರೂ ತಮ್ಮ ತಮ್ಮ ಪೂಲ್ ಮಾಡಿಕೊಂಡು ಸರ್ವರಿಗೆ ಭಾರ ಆಗ್ತಿತ್ತು. ಇನ್ನು ಎಲ್ಲರಿಗೂ ಒಂದೇ ಅಂತ. ರೂಪೇಶಣ್ಣ ಕೋಡಿನಲ್ಲಿ ತುಳುವಿನಲ್ಲಿ ಒಂದು ಮಾತು ಬರೆದಿಟ್ಟಿದ್ರು. ಅದನ್ನೇ ಕನ್ನಡ ಮಾಡಿ ಹಾಕಿದೆ."

"ಅವರದ್ದು ತೋರ್ಸು."

ಪೂಲ್ ಹುಟ್ಟುವ ಜಾಗದ ನೆತ್ತಿಯ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ, ಎರಡೇ ಪದ: ಉಂದು ಎಂಕ್ಲೆನ.

ಡೈನಾ ಕುರ್ಚಿಗೆ ಒರಗಿದಳು.

"ನವ್ಯಾ, ನೀನು ತುಳು ಮಾತಾಡುವವಳಲ್ವಾ?"

"ಹೌದು ಮೇಡಂ. ಮನೆಯಲ್ಲಿ ಅದೇ."

"ಮನೆಗೆ ಬಂದ ನೆಂಟರಿಗೆ ನಮ್ಮ ಮನೆ ಅಂತ ಹೇಗೆ ಹೇಳ್ತಿ?"

"ಎಂಕ್ಲೆನ ಇಲ್ಲ್."

"ನಿನ್ನ ತಮ್ಮನಿಗೆ ಹೇಳುವಾಗ?"

"ನಮ್ಮ ಇಲ್..." ಮಾತು ಅರ್ಧದಲ್ಲೇ ನಿಂತಿತು. ಹುಡುಗಿಯ ಕೈ ತಾನಾಗಿ ಬಾಯಿಗೆ ಹೋಯಿತು. "ದೇವರೇ."

ಕನ್ನಡದಲ್ಲಿ ಎರಡಕ್ಕೂ ಒಂದೇ: ನಮ್ಮದು. ತುಳುವಿನಲ್ಲಿ ಹಾಗಲ್ಲ. ಕೇಳುವವನನ್ನೂ ಸೇರಿಸಿಕೊಂಡರೆ 'ನಮ್ಮ'. ಅವನನ್ನು ಹೊಸ್ತಿಲಾಚೆ ನಿಲ್ಲಿಸಿ ಹೇಳಿದರೆ 'ಎಂಕ್ಲೆನ'. ರೂಪೇಶ ಬರೆದದ್ದು 'ಇದು ನಮ್ಮದು, ನಿಮ್ಮದಲ್ಲ, ಬಳಸಿ ಆದರೆ ಬಾಗಿಲು ಹಾಕಬೇಡಿ' ಎಂಬ ಎಚ್ಚರಿಕೆ. ಕನ್ನಡಕ್ಕೆ ಬರುವಾಗ ಹೊಸ್ತಿಲೇ ಬಿದ್ದುಹೋಗಿ, ಎಲ್ಲರನ್ನೂ ಒಳಗೆ ಕರೆಯುವ ಆಮಂತ್ರಣವಾಗಿಬಿಟ್ಟಿತ್ತು.

"ಇದನ್ನು ಓದಿದವ ತಾನೂ ಯಜಮಾನ ಅಂತ ತಿಳ್ಕೊಂಡಿರ್ತಾನೆ," ಎಂದಳು ಡೈನಾ. "ಅಂದು ನಾಲ್ಕೂ ಆರಕ್ಕೆ ಯಾರ ಕೆಲಸ ಮುಗಿದದ್ದು?"

"ವಾರದ ರಿಪೋರ್ಟು. ಪ್ರತಿ ಬುಧವಾರ ನಾಲ್ಕಕ್ಕೆ ಶುರು. ಬರೆದದ್ದು ಟ್ರೆವರ್. ಆದ್ರೆ ಅವನ ಕೋಡು ನಾನೇ ನೋಡಿದ್ದೇನೆ ಮೇಡಂ, ಮುಚ್ಚುವ ಸಾಲು ಅದರಲ್ಲಿಲ್ಲ."

ಡೈನಾ ಗಡಿಯಾರ ನೋಡಿದಳು. ಇವತ್ತೂ ಬುಧವಾರ. ಮೂರೂ ಐವತ್ತೆಂಟು.

"ಇವತ್ತಿನ ರಿಪೋರ್ಟು ನಿಲ್ಲಿಸ್ಬೇಡ. ಎಲ್ಲ ಗಾಡಿಯವರಿಗೂ ಈಗಲೇ ಫೋನು ಮಾಡಿಸು. ಹತ್ತು ನಿಮಿಷ ಆ್ಯಪ್ ನಂಬಬೇಡಿ, ಫೋನು ಕೈಯಲ್ಲಿ ಹಿಡಿದು ಕೂತಿರಿ ಅಂತ."

ಆಚೆ ಕೋಣೆಯಲ್ಲಿದ್ದ ಇಬ್ಬರು ಹುಡುಗಿಯರು ಕರೆ ಮಾಡತೊಡಗಿದರು. ಕಾರ್ಕಳ ಆಯಿತು, ಸಂತೆಕಟ್ಟೆ ಆಯಿತು, ಉಡುಪಿಯ ಆರೂ ಗಾಡಿ ಆಯಿತು. ಕಾಪುವಿನಲ್ಲಿ ಭುಜಂಗನ ಬದಲಿಗೆ ಬಂದ ಚಾಲಕ ಒಂದು ರಿಂಗಿಗೇ ಎತ್ತಿದ. ಪಾಪ, ಅವನು ವಾರದಿಂದ ಚಾ ಕುಡಿಯಲೂ ಗಾಡಿಯಿಂದ ಇಳಿದಿರಲಿಲ್ಲ.

ನಾಲ್ಕಕ್ಕೆ ರಿಪೋರ್ಟು ಶುರುವಾಯಿತು. ಪರದೆಯಲ್ಲಿ ಎಂಟು ಹಸಿರು ಚುಕ್ಕೆಗಳು, ಎಂಟು ಕಲಾಸಿಗಳು. ಡೈನಾ ಅವುಗಳಿಂದ ಕಣ್ಣು ತೆಗೆಯಲಿಲ್ಲ. ಈ ಹೊತ್ತಿನಲ್ಲಿ ಪೆರ್ಡೂರಿನಲ್ಲೋ ಹೆಜಮಾಡಿಯಲ್ಲೋ ಯಾರಾದರೂ ಎದೆ ಹಿಡಿದುಕೊಂಡು ಕೂತರೆ? ಯಾರದೋ ಮಗು ಕೆಂಪು ಗುಂಡಿ ಒತ್ತಿ ಪರದೆಯನ್ನು ನಂಬಿ ಕಾದರೆ?

ನಾಲ್ಕೂ ನಾಲ್ಕು. ನಾಲ್ಕೂ ಐದು.

ನಾಲ್ಕು ಗಂಟೆ ಆರು ನಿಮಿಷ ನಲವತ್ತು ಸೆಕೆಂಡಿಗೆ ರಿಪೋರ್ಟು ಮುಗಿಯಿತು.

ಎಂಟೂ ಚುಕ್ಕೆಗಳು ಹಸಿರಾಗಿಯೇ ಉಳಿದವು.

"ನಿಲ್ಲಲಿಲ್ಲ!" ನವ್ಯಶ್ರೀ ಉಸಿರು ಬಿಟ್ಟಳು. "ಮೇಡಂ, ನಿಲ್ಲಲಿಲ್ಲ! ಹಾಗಾದ್ರೆ ಟ್ರೆವರ್ ಅಲ್ಲ."

ಡೈನಾಳ ಮುಖದಲ್ಲಿ ಸಮಾಧಾನದ ಬದಲು ಇನ್ನಷ್ಟು ಕಳವಳ ಕಂಡಿತು.

"ಹೋದ ವಾರ ಇದೇ ಕೆಲಸ ಮುಗಿದಾಗ ನಿಂತಿತ್ತು. ಈ ವಾರ ನಿಲ್ಲಲಿಲ್ಲ. ನಡುವೆ ಇದನ್ನು ರಿಪೇರಿ ಮಾಡಿದ್ದು ಯಾರು?"

"ಯಾರೂ ಇಲ್ಲ. ಪೂಲ್ ಹೇಗೆ ಮುಚ್ಚಿತು ಅಂತಲೇ ನಮಗೆ ಇವತ್ತಿನವರೆಗೆ ಗೊತ್ತಿರಲಿಲ್ಲ."

"ಅದೇ ಮಾರಾಯ್ತಿ. ಡಾಕ್ಟ್ರು ಬಾರದೆ ರೋಗ ವಾಸಿಯಾಗಿದೆ. ಅಂದ್ರೆ ರೋಗ ಯಾವುದು ಅಂತ ಒಬ್ಬನಿಗೆ ಮೊದಲೇ ಗೊತ್ತಿತ್ತು." ಅವಳು ಎದ್ದಳು. "ಟ್ರೆವರನ್ನು ಕರಿ. ಅಲೆಕ್ಸಾಂಡರನ್ನೂ ಕರಿ. ಅವನೂ ಕೇಳ್ಬೇಕು."

ಟ್ರೆವರ್ ಬಂದ. ಇಪ್ಪತ್ತಾರು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಮಸ್ಕತ್ತಿನಲ್ಲಿ. ಈಗ ಕಾರ್ಕಳದ ಅಜ್ಜಿ ಮನೆಯಿಂದ ದಿನವೂ ಬೈಕಿನಲ್ಲಿ ಓಡಾಡುತ್ತಿದ್ದ. ಕನ್ನಡವನ್ನು ಒಂದೊಂದೇ ಮೆಟ್ಟಿಲು ಇಳಿಯುವವನ ಹಾಗೆ ಮಾತಾಡುತ್ತಿದ್ದ. ಅವನ ಹಿಂದೆಯೇ ಕಂಪೆನಿಯ ಮುಖ್ಯಸ್ಥ ಅಲೆಕ್ಸಾಂಡರ್, ಇಸ್ತ್ರಿಯ ಅಂಗಿ, ಕೈಯಲ್ಲಿ ಐದು ಗಂಟೆಯ ವರದಿಯ ಕರಡು.

"ಡೈನಾ, ಇನ್ನೂ ಮುಗೀಲಿಲ್ವಾ ನಿನ್ನ ಪತ್ತೇದಾರಿ?" ಎಂದ ಅಲೆಕ್ಸಾಂಡರ್. ಒಂದು ಕಾಲದಲ್ಲಿ ಇಬ್ಬರೂ ಒಂದೇ ಕಚೇರಿಯಲ್ಲಿ ದುಡಿದವರು. "ಹಿಂದೆಯೂ ಹಾಗೇ. ನಾವು ಊಟಕ್ಕೆ ಹೋದ್ರೂ ನೀನು ಒಂದು ತಪ್ಪು ಹಿಡ್ಕೊಂಡು ಕೂತ್ಕೊಳ್ತಿದ್ದಿ."

"ನೀನು ಊಟಕ್ಕೆ ಹೋಗ್ತಿದ್ದಿ ಅಂತಲೇ ನಾನು ಕೂತ್ಕೊಳ್ಬೇಕಾಗ್ತಿತ್ತು ಅಲೆಕ್ಸ್. ಕೂತ್ಕೊ ಈಗ. ಟ್ರೆವರ್, ನೀನೂ ಕೂತ್ಕೊ ಪುತಾ."

'ಮಗನೇ' ಎಂಬ ಅರ್ಥದ ಆ ಕೊಂಕಣಿ ಕರೆಗೆ ಹುಡುಗನ ಭುಜ ತುಸು ಸಡಿಲವಾಯಿತು. ಡೈನಾ ಬೇಕೆಂದೇ ಹಾಗೆ ಕರೆದಿದ್ದಳು. ಕರೆದದ್ದಕ್ಕೆ ಒಳಗೊಳಗೇ ಬೇಸರವೂ ಆಯಿತು.

"ನಿನ್ನ ರಿಪೋರ್ಟಿನ ಪ್ರೋಗ್ರಾಮು ಮೊದಲು ತನ್ನದೇ ಪೂಲ್ ಮಾಡ್ಕೊಳ್ತಿತ್ತಲ್ವಾ?"

"ಹೌದು ಆಂಟಿ. ಫಸ್ಟ್ ಲೈನಲ್ಲಿ ಓಪನ್, ಲಾಸ್ಟ್ ಲೈನಲ್ಲಿ ಕ್ಲೋಸ್."

"ಒಳ್ಳೇ ಪದ್ಧತಿ. ತೆಗೆದವನೇ ಮುಚ್ಚಬೇಕು. ಆಮೇಲೆ?"

"ಸರ್ ಹೇಳಿದ್ರು, ಸಪರೇಟ್ ಬೇಡ, ಎಲ್ಲರಿಗೂ ಒಂದೇ ಅಂತ. ಹೋದ ವಾರ, ಆ ಬುಧವಾರದ ಮುಂಚಿನ ದಿನ ಚೇಂಜ್ ಮಾಡಿದೆ. ಓಪನ್ ತೆಗೆದೆ. ಕಲಾಸಿ ಪೂಲ್ ತಗೊಂಡೆ."

"ಮತ್ತೆ ಕೊನೇ ಸಾಲು?"

"ಅದನ್ನೂ ತೆಗೆದೆ."

"ಅದೇ ದಿನ?"

ಅರ್ಧ ಕ್ಷಣ. ಅಷ್ಟೇ. ಆದರೆ ಮಕ್ಕಳು ಸುಳ್ಳು ಹೇಳುವ ಮೊದಲು ತೆಗೆದುಕೊಳ್ಳುವ ಅರ್ಧ ಕ್ಷಣವನ್ನು ಡೈನಾ ತನ್ನ ಮನೆಯಲ್ಲೇ ಸಾವಿರ ಸಲ ನೋಡಿದ್ದಳು.

"ಅದೇ ದಿನ ಆಂಟಿ."

"ಮರೆತು ಬಿಟ್ಟಿರಬಹುದಲ್ವಾ? ಯಾರಿಗಾದ್ರೂ ಆಗ್ತದೆ."

"ಇಲ್ಲ ಆಂಟಿ. ಬೇರೆಯವರ ಪೂಲ್ ನಾನ್ಯಾಕೆ ಕ್ಲೋಸ್ ಮಾಡ್ತೇನೆ? ಅದು ಅವರದ್ದು, ನಮ್ಮದಲ್ಲ ಅಂತ ಬರೆದೇ ಉಂಟಲ್ಲ."

ಡೈನಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲಿ ಬರೆದುಂಟು?" ಎಂದಳು ಡೈನಾ, ತಣ್ಣಗೆ.

ಹುಡುಗನ ಕಣ್ಣು ಗೋಡೆಯ ಹಾಳೆಯ ಕಡೆ ಹೊರಳಿತು. "ಅಲ್ಲಿ."

"ಓದು."

"ಕಲಾಸಿ ಪೂಲ್..." ಟ್ರೆವರ್ ನಿಲ್ಲಿಸಿದ.

"ಓದು ಪುತಾ."

"...ನಮ್ಮದು."

"ಅಲ್ಲಿ ನಮ್ಮದು ಅಂತ ಉಂಟು. ಅವರದ್ದು ಅಂತ ಇಲ್ಲ. ಅವರದ್ದು ಅಂತ ಇರುವುದು ಒಂದೇ ಕಡೆ. ರೂಪೇಶ ಬರೆದಿಟ್ಟ ತುಳುವಿನಲ್ಲಿ." ಡೈನಾ ಮುಂದಕ್ಕೆ ಬಾಗಿದಳು. "ನಿನಗೆ ತುಳು ಬರ್ತದಾ?"

"ಬರೋದಿಲ್ಲ."

"ಹಾಗಾದ್ರೆ ಎಂಕ್ಲೆನ ಅಂದ್ರೆ ಎಂತ ಅಂತ ನಿನಗೆ ಹೇಳಿದ್ದು ಯಾರು? ಯಾವಾಗ?"

ಅಲೆಕ್ಸಾಂಡರ್ ಏನೋ ಹೇಳಲು ಬಾಯಿ ತೆರೆದ. ಡೈನಾ ಅವನ ಕಡೆ ನೋಡದೆಯೇ ಕೈ ಎತ್ತಿ ತಡೆದಳು.

ಟ್ರೆವರ್ ಗೋಡೆಯ ಹಾಳೆಯಿಂದ ಕಣ್ಣು ಕೆಳಗಿಳಿಸಿದ.

"ಅಜ್ಜಿ," ಎಂದ.

"ಯಾವ ಅಜ್ಜಿ?"

"ನನ್ನ ಅಜ್ಜಿ. ಕಾನ್ಸೆಪ್ಟಾ ಅಜ್ಜಿ. ಬುಧವಾರ ಸಂಜೆ ವಾಟ್ಸ್ಯಾಪಲ್ಲಿ ಕಾಪುವಿನ ವಿಷಯ ಬಂತು. ಟೈಮ್ ನೋಡಿದೆ. ನಾಲ್ಕೂ ಏಳು. ನನ್ನ ರಿಪೋರ್ಟ್ ಮುಗಿಯುವ ಟೈಮ್. ಕೋಡ್ ತೆಗೆದು ನೋಡಿದೆ. ಕೊನೇ ಸಾಲು ಇತ್ತು. ಕ್ಲೋಸ್ ಅಂತ. ನಾನು ಮೇಲಿನದ್ದು ಮಾತ್ರ ತೆಗ್ದಿದ್ದೆ. ಆಮೇಲೆ ಪೂಲಿನ ಕೋಡ್ ನೋಡಿದೆ, ಅಲ್ಲಿ ಈ ವರ್ಡ್ ಇತ್ತು. ಅಜ್ಜಿಗೆ ಫೋನ್ ಮಾಡಿ ಕೇಳಿದೆ, ಎಂಕ್ಲೆನ ಅಂದ್ರೆ ಎಂತ ಅಂತ. ಅಜ್ಜಿ ನಗಾಡಿದಳು. ನಮ್ಮದು ಪುತಾ, ಆದ್ರೆ ನಿನ್ನದಲ್ಲ ಅಂದಳು."

ಅವನು ಒಂದು ಬೆರಳು ಎತ್ತಿ ತೋರಿಸಿದ.

"ಒಂದೇ ಸಾಲು ಆಂಟಿ. ಒಂದು ಸಾಲು ಬಿಟ್ಟದ್ದು."

"ಆಮೇಲೆ ಅದನ್ನು ತೆಗ್ದಿ."

"ಹ್ಞೂಂ."

"ಇತಿಹಾಸದ ಪುಟವನ್ನೂ ತೆಗ್ದಿ."

"ಹ್ಞೂಂ."

"ಒಂದು ವಾರ ಸುಮ್ಮನೆ ಕೂತಿ."

ಅವನು ತಲೆ ಎತ್ತಲಿಲ್ಲ. "ಪ್ರತಿದಿನ ಹೇಳ್ಬೇಕು ಅಂತ ಬರ್ತಿದ್ದೆ. ಪಾರ್ಕಿಂಗಿನಲ್ಲಿ ಬೈಕ್ ನಿಲ್ಲಿಸುವವರೆಗೆ ಧೈರ್ಯ ಇರ್ತಿತ್ತು. ಲಿಫ್ಟಿನಲ್ಲಿ ಹೋಗ್ತಿತ್ತು. ಒಬ್ಬರು ಸತ್ತಿದ್ದಾರೆ ಆಂಟಿ. ನನ್ನಿಂದ."

"ನಿನ್ನಿಂದ ಒಬ್ಬನಿಂದ ಅಲ್ಲ," ಎಂದಳು ನವ್ಯಶ್ರೀ, ಗೋಡೆಯನ್ನು ನೋಡುತ್ತ. "ಹಾಳೆ ಬರೆದವಳು ನಾನು. ತಿರುಗಿ ಬಂದ ಕರೆಯನ್ನು ನುಂಗಿದ್ದೂ ನನ್ನ ಕೋಡು."

ಡೈನಾಳಿಗೆ ಹುಡುಗನ ಮೇಲೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು. ಮರೆತದ್ದಕ್ಕಲ್ಲ. ಮರೆವು ಯಾರನ್ನು ಬಿಟ್ಟಿದೆ? ಒಲೆಯ ಮೇಲೆ ಹಾಲಿಟ್ಟು, ಶಾಲೆಯ ವ್ಯಾನಿನ ಹೊತ್ತು ತಪ್ಪಿ, ಅವಳೇ ದಿನಕ್ಕೆ ಹತ್ತು ಮರೆಯುತ್ತಾಳೆ. ಮರೆತದ್ದು ನೆನಪಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತನಲ್ಲ, ಸಿಟ್ಟು ಅದಕ್ಕೆ.

"ನೀನು ಲಿಫ್ಟಿನಲ್ಲಿ ಧೈರ್ಯ ಕಳ್ಕೊಳ್ಳುವಾಗ ಭುಜಂಗ ಎರಡು ಹಲ್ಲು ಕಳ್ಕೊಂಡಿದ್ದ," ಎಂದಳು. "ಅವನ ಮಗಳು ಶಾಲೆಗೆ ಹೋಗ್ತಾ ಇಲ್ಲ, ಗೊತ್ತುಂಟಾ? ಗೋಳಿಬಜೆ ಅಂತ ಕರೀತಾರಂತೆ ಅವಳನ್ನು. ತಗೋ ಕಾಗದ. ಈಗ ಹೇಳಿದ್ದನ್ನೇ ಬರಿ. ಹೊತ್ತು, ಸಾಲು, ಎಲ್ಲ."

"ಒಂದು ನಿಮಿಷ," ಎಂದ ಅಲೆಕ್ಸಾಂಡರ್. "ಇದನ್ನು ಕಂಪೆನಿಯ ಒಳಗೇ ಮಾತಾಡಿ..."

"ಮೂರು ವಾರದ ಹಿಂದೆ ಎಲ್ಲರಿಗೂ ಒಂದೇ ಪೂಲ್ ಅಂತ ಅಪ್ಪಣೆ ಕೊಟ್ಟದ್ದು ನೀನು. ಯಜಮಾನ ಯಾರು ಅಂತ ಹೇಳಿದ್ದಿಯಾ?"

ಅಲೆಕ್ಸಾಂಡರ್ ಕೈಯಲ್ಲಿದ್ದ ಕರಡನ್ನು ನೋಡಿದ.

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಲೆಕ್ಸ್. ನಿನ್ನ ಕರಡು ಹರಿದು ಹಾಕು. ಹೊಸದು ಬರಿ. ಐದಕ್ಕೆ ಇನ್ನೂ ಮೂವತ್ತೈದು ನಿಮಿಷ ಉಂಟು."

ಅಲೆಕ್ಸಾಂಡರ್ ಕರಡನ್ನು ಹರಿಯಲಿಲ್ಲ. ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಟೈಪು ಮಾಡತೊಡಗಿದ. ಟ್ರೆವರ್ ಬರೆದು ಸಹಿ ಹಾಕಿದ. ನವ್ಯಶ್ರೀ ದಿನಚರಿಯ ಪ್ರತಿ ತೆಗೆದು ಮುದ್ರಿಸಿ ತಂದಳು. ನಾಲ್ಕೂ ನಲವತ್ತಕ್ಕೆ ಮೂರು ಹಾಳೆ ಡೈನಾಳ ಎದುರು ಇತ್ತು. 'ನಾಲ್ಕು ಗಂಟೆ ಆರು ನಿಮಿಷದಿಂದ ಹದಿನೆಂಟು ನಿಮಿಷದವರೆಗೆ ಯಾವ ಚಾಲಕನಿಗೂ ಕರೆ ಹೋಗುವುದು ಸಾಧ್ಯವೇ ಇರಲಿಲ್ಲ.' ಅವಳು ಆ ವಾಕ್ಯವನ್ನು ಎರಡು ಸಲ ಓದಿದಳು. ಭುಜಂಗ ಉಳಿದ.

ಒಂದು ವಾರದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. ಈ ಸುದ್ದಿ ಅವನಿಗೆ ಮೊದಲು ತಿಳಿಯಬೇಕು, ಪೊಲೀಸರಿಗೆ ಆಮೇಲೆ. ಭುಜಂಗ ಪೆರ್ಡೂರಿನ ತಂಗಿ ಮನೆಯಲ್ಲಿದ್ದ. ಡೈನಾ ಆ ತಂಗಿಯ ನಂಬರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟಳು. ಈ ಮೂವರೂ ಅವನ ದನಿ ಕೇಳಲಿ ಎಂಬುದು ಅವಳ ಆಸೆ. ಯಾರನ್ನು ಬಲಿ ಕೊಡಲು ಹೊರಟಿದ್ದರೆಂದು ಗೊತ್ತಾಗಲಿ.

"ಭುಜಂಗಣ್ಣ, ಸಿಕ್ಕಿತು. ತಪ್ಪು ನಿಮ್ಮದಲ್ಲ. ಕರೆ ಇಲ್ಲಿಂದ ಹೊರಡಲೇ ಇಲ್ಲ. ಬರೆಸಿ ಸಹಿ ಹಾಕಿಸಿ ಆಯ್ತು. ಇನ್ನು ಹದಿನೈದು ನಿಮಿಷಕ್ಕೆ ಠಾಣೆಗೆ ಹೋಗ್ತದೆ."

ಆಚೆ ಕೋಳಿಯೊಂದು ಕೂಗಿದ್ದು ಕೇಳಿಸಿತು.

"ಕೇಳ್ತಾ ಉಂಟಾ?"

"ಕೇಳ್ತಾ ಉಂಟು ಬಾಯಿ." ಅವನ ದನಿಯಲ್ಲಿ ಸಂತೋಷವಿರಲಿಲ್ಲ. "ಕೊಡ್ಬೇಡಿ."

"ಎಂತ?"

"ಆ ಕಾಗದ ಕೊಡ್ಬೇಡಿ. ಭುಜಂಗ ನಿದ್ದೆ ಮಾಡಿದ್ದ ಅಂತ ಬರೀರಿ. ನಾನು ಒಪ್ಕೊಳ್ತೇನೆ."

"ನಿಮಗೆ ಮಂಡೆ ಸಮ ಉಂಟಾ? ಜೈಲಿಗೆ ಹೋಗ್ತೀರಿ!"

"ಹೋಗ್ತೇನೆ. ಇದು ಕೊಟ್ರೆ ಪೊಲೀಸರು ಮತ್ತೆ ಎಲ್ಲ ಅಗೀತಾರೆ. ಕರೆ ಬಂದಿಲ್ಲ ಅಂತಾದ್ರೆ ಮತ್ತೆ ಯಾವ ಕರೆ ಬಂದಿತ್ತು ಅಂತ ನೋಡ್ತಾರೆ." ಅವನು ದನಿ ತಗ್ಗಿಸಿದ. "ಬಂದಿತ್ತು ಬಾಯಿ. ಕಂಪೆನಿ ಫೋನಿಗಲ್ಲ. ನನ್ನ ಸ್ವಂತ ಸಣ್ಣ ಫೋನಿಗೆ. ಪೊಲೀಸರು ಅದನ್ನು ಕೇಳ್ಲೂ ಇಲ್ಲ, ನಾನು ಹೇಳ್ಲೂ ಇಲ್ಲ."

ಡೈನಾ ಫೋನಿನ ಹತ್ತಿರಕ್ಕೆ ಬಾಗಿದಳು.

"ಎಂತ ಹೇಳಿದ್ರು?"

"ಇವತ್ತು ಮಾರ್ಕೆಟಿನಿಂದ ಯಾರಾದ್ರೂ ಕರೆದ್ರೆ ಕದಲಬೇಡಿ. ಬೇರೆ ಗಾಡಿ ಹೊರಟಿದೆ ಅಂತ. ನಂಬಿದೆ. ನಂಬದೆ ಇರಲು ಆಗುವಂಥವರಲ್ಲ ಅವರು. ಜನ ಬಂದು ಹೊಡೆಯುವಾಗಲೇ ನನಗೆ ಗೊತ್ತಾದದ್ದು, ಬೇರೆ ಗಾಡಿ ಬರ್ಲೇ ಇಲ್ಲ ಅಂತ."

"ಎಷ್ಟು ಹೊತ್ತಿಗೆ ಆ ಫೋನು?"

"ಎದುರೇ ಉಂಟು, ನೋಡಿ ಹೇಳ್ತೇನೆ." ಗುಂಡಿ ಒತ್ತುವ ಸದ್ದು. "ನಾಲ್ಕೂ ಮೂರು."

ಡೈನಾ ಮೇಜಿನ ಮೇಲಿನ ಹಾಳೆಯನ್ನು ನೋಡಿದಳು. ಪೂಲ್ ಮುಚ್ಚಿದ್ದು ನಾಲ್ಕೂ ಆರಕ್ಕೆ. ಲಕ್ಷಿತ್ ಗುಂಡಿ ಒತ್ತಿದ್ದು ನಾಲ್ಕೂ ಏಳಕ್ಕೆ.

ನಾಲ್ಕೂ ಮೂರಕ್ಕೆ ಅಪ್ಪಿ ಬಿದ್ದೇ ಇರಲಿಲ್ಲ. ಬುಟ್ಟಿಯ ಹಿಂದೆ ಕೂತು ಬಂಗುಡೆ ಮಾರುತ್ತಿದ್ದಳು.

"ಭುಜಂಗಣ್ಣ," ಎಂದಳು ಡೈನಾ, "ಯಾರ ಫೋನು ಅದು?"

"ನಿಮ್ಮ ಹತ್ತಿರ ಈಗ ಯಾರೆಲ್ಲ ಉಂಟು ಬಾಯಿ?"

ಡೈನಾ ಉತ್ತರಿಸುವ ಮೊದಲೇ ಕರೆ ಕಡಿಯಿತು. ಕಡಿದದ್ದು ಪೆರ್ಡೂರಿನಿಂದಲ್ಲ.

ಮೇಜಿನ ಮೇಲಿನ ಫೋನಿನ ಮೇಲೆ ನವ್ಯಶ್ರೀಯ ಕೈ ಇತ್ತು.

"ವರದಿ ಕೊಟ್ಟುಬಿಡಿ ಮೇಡಂ," ಎಂದಳು ಅವಳು, ಮೆಲ್ಲಗೆ, ಬೇಡಿಕೊಳ್ಳುವವಳ ಹಾಗೆ. "ಭುಜಂಗಣ್ಣ ಉಳೀಲಿ. ನಾನು ಮಾಡಿದ ಆ ಫೋನಿನ ಮಾತೊಂದನ್ನು ಮಾತ್ರ ನೀವು ಕೇಳ್ಲೇ ಇಲ್ಲ ಅಂತ ಇಟ್ಕೊಳ್ಳಿ."